ಜೋಡಿಸಿದ ಕೈಗಳು: ಕೆಂಪು ಬೊಕ್ಕೆಗಳ ಸಾಲು

"ಗುರುಗಳ ಕೋಲು ಎಲ್ಲಿ ಸಾಹೇಬ್ರೇ?" ಕಿನು ಮತ್ತೆ ಅದನ್ನೇ ಕೇಳಿದಳು.

ಪತ್ತೇದಾರ ಮುರೊತಾನಿ ಮೇಜಿಗೆ ಅಂಗೈ ಬಡಿದ. ಚಹಾ ಬಟ್ಟಲು ಕುಣಿದು ಅರ್ಧ ಚೆಲ್ಲಿತು.

"ಪ್ರಶ್ನೆ ಕೇಳೋನು ನಾನು. ಉತ್ತರ ಹೇಳೋಳು ನೀನು. ಇಷ್ಟು ದಿನ ಆಯ್ತು, ಇನ್ನೂ ಅದು ಗೊತ್ತಾಗಿಲ್ವಾ?"

"ಉತ್ತರ ಹೇಳಾಯ್ತಲ್ಲ. ನಾನು ತಳ್ಳಲಿಲ್ಲ."

"ಮತ್ಯಾರು ತಳ್ಳಿದ್ರು? ಗಾಳೀನಾ?"

ಠಾಣೆಯ ಹಿಂದಿನ ಕೋಣೆಯಲ್ಲಿ ಸಮುದ್ರದ ಉಪ್ಪುವಾಸನೆ ಮತ್ತು ಹಳೆಯ ಚಾಪೆಯ ವಾಸನೆ ಬೆರೆತಿತ್ತು. ಮೈಮೇಲೆ ಕೈಯಿಟ್ಟು ನೋವು ಇಳಿಸುವ ರೇಕಿ ಗುರು ಹಾಗಾ ಅವರು ತಮ್ಮ ಮನೆಯ ಹಿತ್ತಿಲ ಕಲ್ಲುಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತುಬಿದ್ದ ಸಂಜೆ, ಹಿತ್ತಿಲ ಕಡೆ ಇದ್ದದ್ದು ಮನೆಗೆಲಸದ ಈ ವಿಧವೆ ಒಬ್ಬಳೇ. ಉಳಿದವರೆಲ್ಲ ಕತ್ತಲು ಮಾಡಿದ ಕೋಣೆಯಲ್ಲಿ ಕಣ್ಣು ಮುಚ್ಚಿ, ಕೈ ಜೋಡಿಸಿ ಕೂತಿದ್ದರು. ಗುರುಗಳು ಕೊನೆಯವರೆಗೂ ನಮ್ಮ ಮಧ್ಯೆಯೇ ಓಡಾಡಿ ಕೈಯಿಟ್ಟರು, ಮುಗಿಸುವ ಗಂಟೆ ಬಾರಿಸಿದ ಮೇಲೆಯೇ ಎಂದಿನಂತೆ ಕೈ ತೊಳೆಯಲು ಹಿತ್ತಿಲಿಗೆ ಹೋದರು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದರು.

ಆ ಗಂಟೆ ಬಾರಿಸುವ ಮುಂಚೆ ಕಿನು ಮುಂಬಾಗಿಲಲ್ಲಿ ತೋಫು ಮಾರುವವನ ಜೊತೆ ಜಗಳವಾಡುತ್ತಿದ್ದಳು. ಅದನ್ನು ಬೀದಿಯೇ ನೋಡಿತ್ತು. ಗಂಟೆ ಬಾರಿಸಿದ ಮೇಲೆ ಹಿತ್ತಿಲಿಗೆ ಹೋಗಿದ್ದಳು. ಅದನ್ನು ಅವಳೇ ಒಪ್ಪಿದ್ದಳು.

ಎಲ್ಲವೂ ಕೂಡಿಬರುತ್ತಿತ್ತು. ಆದರೂ ಮುರೊತಾನಿಯ ಹಳೆಯ ಹೊಟ್ಟೆನೋವು ಮತ್ತೆ ಎದ್ದಿತ್ತು.

"ಗುರುಗಳು ಊರಿಕೊಂಡು ನಡೆಯೋ ಕೋಲಿಗೆ ಹೊಸ ಮೆರುಗು ಹಾಕಿಸಿದ್ರು. ಅವತ್ತು ಮಧ್ಯಾಹ್ನವೇ ಬಂತು. ಬಚ್ಚಲ ಬೀರುವಲ್ಲಿ ನೇತುಹಾಕಿದ್ದು ನಾನೇ ನೋಡಿದೆ. ಆಮೇಲೆ ಇಲ್ಲ. ಗುರುಗಳ ಹತ್ರಾನೂ ಇಲ್ಲ. ಯಾಕೆ ಯಾರೂ ಹುಡುಕ್ತಿಲ್ಲ?" ಎಂದಳು ಕಿನು. ಆಮೇಲೆ ಅವನ ಮುಖ ನೋಡಿ, ದನಿ ತಗ್ಗಿಸಿ, "ನಿಮಗೆ ಹೊಟ್ಟೆನೋವು ಜಾಸ್ತಿಯಾಗಿದೆ. ಬೇಕಾದ್ರೆ ಕೈಯಿಡ್ತೀನಿ. ಕಟ್ಟಿರೋ ಕೈಯಾದ್ರೂ ಆಗುತ್ತೆ" ಎಂದಳು.

"ಬೇಡ!"

ಕೂಗು ಹೊರಗಿನ ಪಡಸಾಲೆಗೂ ಕೇಳಿಸಿತು. ಠಾಣಾಧಿಕಾರಿ ಅಲ್ಲಿಂದಲೇ ಗದರಿದರು. "ಏನಯ್ಯಾ ಅದು ಗಲಾಟೆ? ಸಂಜೆ ರೈಲಿಗೆ ಅವಳನ್ನ ಹಿರೋಶಿಮಾಗೆ ಕಳಿಸಿ ಕೈ ತೊಳ್ಕೊ. ಅಲ್ಲಿ ಸರ್ಕಾರಿ ವಕೀಲರು ಬಾಯಿ ಬಿಡಿಸ್ತಾರೆ."

ಬಾಯಿ ಬಿಡಿಸುವುದು ಎಂದರೆ ಏನೆಂದು ಮುರೊತಾನಿಗೆ ಗೊತ್ತಿತ್ತು. ಅಲ್ಲಿಗೆ ಹೋದವರು ಮಾಡದ್ದನ್ನೂ ಮಾಡಿದೆ ಎನ್ನುತ್ತಿದ್ದರು.

ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ ಕೆಮ್ಮಿದರು. ಅವನ ಹೆಂಡತಿ ಮಿನೆ. ಬಟ್ಟೆಯಲ್ಲಿ ಸುತ್ತಿದ ಊಟದ ಡಬ್ಬಿಗಳನ್ನು ಮೊಣಕೈಗೆ ತಗುಲಿಸಿಕೊಂಡು ನಿಂತಿದ್ದಳು.

"ರೀ, ಊಟ. ಅವಳಿಗೂ ತಂದಿದೀನಿ. ಪಾಪ, ನೀವು ಅನ್ನ ಕೂಡ ಕೊಟ್ಟಿರಲ್ಲ."

ಅವನು ಮುಚ್ಚಳ ತೆಗೆದ. ಉಪ್ಪುಹಾಕಿದ ಹುಳಿಹಣ್ಣು, ಸುಟ್ಟ ಸಣ್ಣಮೀನು, ಬಿಡಿಯನ್ನ. ಮದುವೆಯಾದಂದಿನಿಂದ ಡಬ್ಬಿಯಲ್ಲಿ ಅನ್ನದ ಉಂಡೆ ಇಲ್ಲದ ದಿನ ಇರಲಿಲ್ಲ.

"ಉಂಡೆ ಎಲ್ಲಿ?"

"ಕಟ್ಟಕ್ಕಾಗ್ಲಿಲ್ಲ. ನೋಡಿ ಇಲ್ಲಿ, ಬಿಸಿಯನ್ನ ಮುಟ್ಟಿದ್ರೆ ಪ್ರಾಣ ಹೋಗುತ್ತೆ." ಮಿನೆ ಅಂಗೈ ಬಿಡಿಸಿ ತೋರಿಸಿದಳು. ಕೆಂಪಗೆ ಊದಿ, ಬೆರಳ ಸಂದಿಯಲ್ಲಿ ನೀರುತುಂಬಿದ ಬೊಕ್ಕೆಗಳು.

"ಡಾಕ್ಟರ ಹತ್ರ ಹೋಗಬಾರ್ದೇನೇ?"

"ಇದಕ್ಕಾ? ಇದು ಒಳ್ಳೇ ಲಕ್ಷಣ ರೀ. ಗುರುಗಳ ಕೈಯಿಂದ ಶಕ್ತಿ ಇಳಿಸ್ಕೊಂಡ ಮೇಲೆ ಒಳಗಿರೋ ಹಳೇ ವಿಷ ಹೀಗೇ ಹೊರಗೆ ಬರೋದು. ಕಾಕೆಯಿ ಅಜ್ಜಿಗೂ ಬಂದಿದೆ. ಅವರಂತೂ ಬೀದಿಯೆಲ್ಲ ತೋರಿಸ್ಕೊಂಡು ಬಂದ್ರು." ಅವಳು ನಗಲು ನೋಡಿದಳು. "ಪುಣ್ಯ ನೋಡಿ. ಸಾಲಲ್ಲಿ ಕೂರೋ ಕೊನೇ ಮೆತ್ತೆ ನಂದು, ಕೊನೇ ಸಲ ಅವರ ಕೈ ಬಿದ್ದಿದ್ದೂ ನನ್ನ ಮೇಲೇ."

ಆ ಮಾತೇ ಕಿನುವನ್ನು ಇಲ್ಲಿ ಕೂರಿಸಿತ್ತು. ಗುರುಗಳು ಗಂಟೆಯವರೆಗೂ ಜೀವಂತ ಇದ್ದರು ಎಂಬುದಕ್ಕೆ ಎಲ್ಲರಿಗಿಂತ ಗಟ್ಟಿ ಸಾಕ್ಷಿ, ಪತ್ತೇದಾರನ ಹೆಂಡತಿ.

ಕಿನು ಡಬ್ಬಿ ಮುಟ್ಟಲಿಲ್ಲ. ಮಿನೆಯ ಕೈಯನ್ನೇ ನೋಡುತ್ತಿದ್ದಳು. ಮಿನೆ ಕೈ ಮಡಚಿ ಉಡುಪಿನ ತೋಳಿನೊಳಗೆ ಎಳೆದುಕೊಂಡಳು.

*

ಹಡಗಿನ ಹಾಯಿ ಹೊಲಿಯುವವನ ಅಂಗಡಿಯ ಮೇಲಿನ ಏರಿಯಲ್ಲಿ ಹಾಗಾ ಗುರುಗಳ ಮನೆ. ಏರಿ ಹತ್ತುವಷ್ಟರಲ್ಲಿ ಮುರೊತಾನಿಯ ಹೊಟ್ಟೆಯಲ್ಲಿ ಯಾರೋ ಕೆಂಡ ಸುರಿದಂತಾಗಿತ್ತು. ಮತ್ತೆ ಯಾಕೆ ಬಂದೆ ಎಂದು ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ಹಿತ್ತಿಲು, ಬಚ್ಚಲು, ಬಾವಿಕಟ್ಟೆ ಎಲ್ಲ ಜಾಲಾಡಿದ. ಬೀರುವಿನಲ್ಲಿ ಕೋಲು ನೇತುಹಾಕಿದ್ದ ಮೊಳೆ ಮಾತ್ರ ಇತ್ತು. ಇದನ್ನು ಮೊದಲ ದಿನವೇ ನೋಡಬೇಕಿತ್ತು. ಆಗ ಆ ಹೆಂಗಸಿನ ಮಾತಿಗೆ ಕಿವಿಗೊಟ್ಟಿರಲಿಲ್ಲ.

ಕೈಯಿಡುವ ಕೋಣೆಯಲ್ಲಿ ಹಿರಿಯ ಶಿಷ್ಯ ಕೋಮೊತೊ ಗುರುಗಳ ಜಾಗದಲ್ಲೇ ಕೂತು ದೂಳು ಹೊಡೆಯುತ್ತಿದ್ದ. ಮೂಲೆಯಲ್ಲಿ ಎಣ್ಣೆ ಅಂಗಡಿಯ ಕಾಕೆಯಿ ಅಜ್ಜಿ ಬಾಯಿ ಮೆಲ್ಲುತ್ತಾ ಕೂತಿದ್ದಳು. ಗೋಡೆಯ ಮೇಲೆ ಗುರುಗಳ ಕೈಬರಹದ ಪಟ. ಈ ಒಂದು ದಿನ ಸಿಟ್ಟಾಗುವುದಿಲ್ಲ, ಈ ಒಂದು ದಿನ ಚಿಂತಿಸುವುದಿಲ್ಲ ಎಂದು ಶುರುವಾಗುವ ಸಾಲುಗಳು. ಮಿನೆ ಬೆಳಗ್ಗೆ ಸಂಜೆ ಕೈಜೋಡಿಸಿ ಹೇಳಿಕೊಳ್ಳುವುದನ್ನು ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. ಆ ಪಟ ತನ್ನನ್ನೇ ಅಣಕಿಸುತ್ತಿದೆ ಎನ್ನಿಸಿತು.

"ಮತ್ತೆ ಬಂದ್ರಾ?" ಎಂದ ಕೋಮೊತೊ. "ಕೇಸು ಮುಗೀತು ಅಂದ್ರಲ್ಲ."

"ನೀವು ಗುರುಗಳ ಜಾಗಕ್ಕೆ ಬಂದು ಕೂತಿದ್ದು ಮುಗೀತಾ?"

ಕೋಮೊತೊ ಕೆಂಪಾದ. ಅಜ್ಜಿ ಕಿಸಕ್ಕನೆ ನಕ್ಕಳು. "ಬಿಡು ಮಗಾ, ಅವನಿಗೆ ಬೇರೆ ಸಂಕಟ. ನಮಗೆಲ್ಲ ವಿಷ ಹೊರಗೆ ಬಂತು, ಅವನಿಗೆ ಒಂದು ಸೊಳ್ಳೆ ಕಚ್ಚಿದ ಗುಳ್ಳೆನೂ ಬಂದಿಲ್ಲ. ಹಿರಿಯ ಶಿಷ್ಯ ಅಂತೆ!"

"ಒಳಗೆ ವಿಷ ಇದ್ರೆ ತಾನೇ ಬರೋದು ಅಜ್ಜಿ."

"ಓಹೋ! ಅಮೃತವೇ ತುಂಬಿಬಿಟ್ಟಿದೆ ಇವನಲ್ಲಿ."

ಮುರೊತಾನಿ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತ. ಅಜ್ಜಿ ಬಿಡಲಿಲ್ಲ. ಎಳೆದು ಮಲಗಿಸಿಯೇಬಿಟ್ಟಳು. ಬೇಡ ಎನ್ನಲು ಅವನಿಗೆ ತ್ರಾಣವಿರಲಿಲ್ಲ.

"ಸುಮ್ನೆ ಮಲಗು. ನಾನೇನೂ ಮಾಡಲ್ಲ, ಕೈಯಿಡ್ತೀನಿ ಅಷ್ಟೇ. ತಲೆಯಿಂದ ಶುರು ಮಾಡಿ ಕೆಳಗೆ ಬರೋದು. ಒತ್ತೋ ಹಾಗಿಲ್ಲ, ಉಜ್ಜೋ ಹಾಗಿಲ್ಲ. ನೋವಿರೋ ಕಡೆ ಬಂದಾಗ ಕೈ ತಾನೇ ಹೇಳುತ್ತೆ. ಬಿಸಿಯಾಗುತ್ತೆ, ಜುಮುಗುಟ್ಟುತ್ತೆ. ಅದು ಇಳಿಯೋವರೆಗೂ ಕೈ ತೆಗೀಬಾರ್ದು."

"ಅಷ್ಟೇನಾ?"

"ಅಷ್ಟೇ. ವಾಸಿ ಮಾಡೋದು ನಾನು ಅಂದ್ಕೊಂಡ್ರೆ ಕೆಟ್ಟೆ ಅಂತಿದ್ರು ಗುರುಗಳು. ನಮ್ಮ ಕೈ ಬರೀ ಕೊಳವೆ. ನೀರು ಬೇರೆ ಎಲ್ಲಿಂದಲೋ ಬರೋದು."

ಅಜ್ಜಿಯ ಕೈ ಹಣೆಯ ಮೇಲೆ ಬಂತು. ಬೆಚ್ಚಗಿತ್ತು. ಅವನಿಗೆ ಇದರಲ್ಲಿ ನಂಬಿಕೆಯಿಲ್ಲ. ಆದರೂ ಯಾರೂ ಏನೂ ಕೇಳದೆ ತನ್ನ ಮೇಲೆ ಕೈಯಿಟ್ಟು ಕೂತು ಎಷ್ಟು ಕಾಲವಾಯಿತೋ ಎಂದುಕೊಂಡ. ಕೈ ಎದೆಗೆ ಇಳಿಯಿತು. ಅವನು ಕಣ್ಣು ತೆರೆದ.

ಮೂಗಿನ ಹತ್ತಿರವೇ ಅಜ್ಜಿಯ ಕೈಯ ಹಿಂಬದಿ. ಕೆಂಪು ಬೊಕ್ಕೆಗಳು ಅಡ್ಡಡ್ಡ ಪಟ್ಟೆಯಾಗಿ ಎದ್ದಿದ್ದವು, ಯಾರೋ ಬೆರಳಿನಿಂದ ಬಣ್ಣ ಎಳೆದ ಹಾಗೆ.

ಅವನು ದಿಗ್ಗನೆ ಎದ್ದು ಕೂತ.

ಚಿಕ್ಕಂದಿನಲ್ಲಿ ಬೆಟ್ಟಕ್ಕೆ ಸೌದೆಗೆ ಹೋದಾಗ ಉರುಷಿ ಮರದ ಕೊಂಬೆ ಮುರಿದಿದ್ದ. ಅದರ ಸೊನೆ ಒಣಗಿದರೆ ಬಟ್ಟಲಿಗೆ, ಪೆಟ್ಟಿಗೆಗೆ ಕನ್ನಡಿಯಂಥ ಮೆರುಗು. ಹಸಿಯಾಗಿ ಚರ್ಮಕ್ಕೆ ತಗುಲಿದರೆ ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಬೆಂಕಿ. ಅಪ್ಪ ಅವನ ಕೈ ಕಟ್ಟಿಹಾಕಿದ್ದರು, ತುರಿಸಿಕೊಳ್ಳದಿರಲಿ ಎಂದು. ಆಗಲೂ ಇಂಥವೇ ಪಟ್ಟೆಗಳು.

"ಅಜ್ಜಿ, ಇದು ವಿಷ ಹೊರಗೆ ಬಂದಿದ್ದಲ್ಲ. ಉರುಷಿ ತಗುಲಿರೋದು."

"ಏನಂತೀಯೋ! ಗುರುಗಳ ಕೈ ಮುಟ್ಟಿದ ಜಾಗ ಇದು. ಅವರ ಕೈಗೆ ಉರುಷಿ ಎಲ್ಲಿಂದ ಬರುತ್ತೆ?"

"ಬರಲ್ಲ. ಅದೇ ನಾನು ಹೇಳ್ತಿರೋದು."

ಉರುಷಿ ಬೊಕ್ಕೆ ಊರಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಮುಟ್ಟಿದ್ದು ಗುರುಗಳು ಎಂದು ನಂಬಿದ ಮೇಲೆ ಅದನ್ನು ಬೊಕ್ಕೆ ಎಂದು ನೋಡಿದವರೇ ಇರಲಿಲ್ಲ. ಎಲ್ಲರೂ ಅದನ್ನು ಪ್ರಸಾದದಂತೆ ಹೊತ್ತು ತಿರುಗಿದ್ದರು.

"ಯಾರು ಯಾರು ಎಲ್ಲಿ ಕೂತಿದ್ರಿ? ಬೇಗ ಹೇಳಿ."

ಎದುರುಬದುರು ಎರಡು ಸಾಲು. ಗುರುಗಳು ಮೊದಲು ಕೋಮೊತೊ ಇದ್ದ ಸಾಲು ಮುಗಿಸಿ ಆಮೇಲೆ ಎದುರಿನ ಸಾಲಿಗೆ ಹೋಗುವುದು ರೂಢಿ. ಕೋಮೊತೊನ ಸಾಲಿನಲ್ಲಿ ಒಬ್ಬರಿಗೂ ಬೊಕ್ಕೆಯಿಲ್ಲ. ಎದುರಿನ ಸಾಲಿನಲ್ಲಿ ಅಜ್ಜಿಗೆ ಇದೆ, ಮೀನು ಮಂಡಿಯ ದಂಪತಿಗೆ ಇದೆ, ಹಿಂಬಾಗಿಲ ಪಕ್ಕದ ಕೊನೆಯ ಮೆತ್ತೆಯ ಮಿನೆಗೆ ಇದೆ.

"ಎದುರಿನ ಸಾಲಿನ ಮೊದಲನೇ ಮೆತ್ತೆ?"

"ಒಗುಶಿ" ಎಂದಳು ಅಜ್ಜಿ. ಅವಳ ದನಿ ಕುಗ್ಗಿತ್ತು. "ಒಡೆದ ಬಟ್ಟಲು ಅಂಟಿಸೋನು. ಉರುಷಿ ಹಾಕಿ."

ಕೋಮೊತೊ ಎದ್ದು ನಿಂತಿದ್ದ. "ಆ ಬಟ್ಟಲು ರಿಪೇರಿಯವನಾ? ನಮಗೆ ಶಕ್ತಿ ಇಳಿಸಿದ್ದು ಅವನಾ?"

"ನಿಮಗಲ್ಲ ಸ್ವಾಮಿ" ಎಂದ ಮುರೊತಾನಿ, ಬೂಟು ಹಾಕಿಕೊಳ್ಳುತ್ತಾ. "ನಿಮಗೆ ಗುರುಗಳೇ ಇಳಿಸಿದ್ರು. ಗುಳ್ಳೆ ಬಂದಿಲ್ವಲ್ಲ, ಸಮಾಧಾನ ಮಾಡ್ಕೊಳ್ಳಿ."

*

ಒಗುಶಿಯ ಅಂಗಡಿ ಮೀನುದೋಣಿಗಳ ಕಟ್ಟೆಯ ಹತ್ತಿರ. ಅವನು ತಲೆಯೆತ್ತದೆ ಒಂದು ಬಿಳಿ ಬಟ್ಟಲಿನ ಬಿರುಕಿಗೆ ಕಡ್ಡಿಯಿಂದ ಕಪ್ಪು ಸೊನೆ ಹಚ್ಚುತ್ತಿದ್ದ.

"ಹತ್ರ ಬರಬೇಡಿ ಸಾಹೇಬ್ರೇ, ತಗುಲುತ್ತೆ."

"ತಗುಲಿದವರನ್ನ ನೋಡ್ಕೊಂಡೇ ಬಂದೆ."

ಕಡ್ಡಿ ನಿಂತಿತು.

"ಗುರುಗಳನ್ನ ಯಾಕೆ ಕೊಂದೆ?"

"ಅಯ್ಯೋ!" ಒಗುಶಿ ಬಟ್ಟಲನ್ನು ಕೆಳಗಿಡುವ ಬದಲು ಎದೆಗೆ ಒತ್ತಿಕೊಂಡ. "ಅವರು ನನಗೆ ಅಪ್ಪನ ಸಮಾನ."

"ಅಪ್ಪನ ಸಮಾನರು ಅರ್ಧಕ್ಕೇ ಎದ್ದುಹೋದ್ರೆ, ಅವರ ವೇಷ ಹಾಕೋದಾ? ಎರಡನೇ ಸಾಲಿಗೆ ಕೈಯಿಟ್ಟಿದ್ದು ನೀನು. ಗಂಟೆ ಬಾರಿಸಿದ್ದೂ ನೀನೇ. ಇಲ್ಲ ಅನ್ನು ನೋಡೋಣ."

ಒಗುಶಿ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟ. ಮುರೊತಾನಿಗೆ ಕಾಯುವಷ್ಟು ವ್ಯವಧಾನ ಇರಲಿಲ್ಲ.

"ಸಂಜೆ ರೈಲಿಗೆ ಕಿನು ಹೋಗ್ತಾಳೆ. ಅಲ್ಲಿಂದ ವಾಪಸ್ ಬಂದವರನ್ನ ನೋಡಿದೀಯಾ? ನೀನು ಇಲ್ಲಿ ಒಡೆದ ಬಟ್ಟಲು ಅಂಟಿಸ್ತಾ ಕೂತಿರು. ಅವಳನ್ನ ಅಂಟಿಸೋಕೆ ಯಾರಿಂದಲೂ ಆಗಲ್ಲ."

ಒಗುಶಿಯ ಕಣ್ಣು ತುಂಬಿತು.

"ಗುರುಗಳಿಗೆ ಉಸಿರು ಸಾಲ್ತಿರಲಿಲ್ಲ. ನನ್ನ ಹೆಗಲು ತಟ್ಟಿ ಕಿವಿಯಲ್ಲಿ 'ಮುಗಿಸಪ್ಪ, ನಾನು ಸ್ವಲ್ಪ ಗಾಳಿಗೆ ಹೋಗ್ತೀನಿ' ಅಂದ್ರು. ಅವರಿಗೆ ಇದು ಹೊಸದಲ್ಲ. ಹೋದ ಚಳಿಗಾಲದಿಂದ ನನಗೆ ಕಲಿಸ್ತಿದ್ರು. ಯಾರಿಗೂ ಹೇಳಬೇಡ ಅಂದಿದ್ರು. ಕೋಮೊತೊ ಅವರಂಥೋರು ಇರುವಾಗ ನನ್ನ ಕೈಯಿಂದ ಯಾರು ಇಳಿಸ್ಕೊಳ್ತಾರೆ? ನನ್ನ ಕೈ ನೋಡಿ."

ಕಪ್ಪು ಕಲೆ ಹಿಡಿದ, ಬಿರುಕುಬಿಟ್ಟ ಕೈ. ಹುಟ್ಟಿದಾಗಿನಿಂದ ಸೊನೆಯಲ್ಲೇ ಇದ್ದ ಆ ಕೈಗೆ ಒಂದು ಬೊಕ್ಕೆಯೂ ಇರಲಿಲ್ಲ.

"ತೊಳ್ಕೊಂಡೇ ಕೂತಿದ್ದೆ ಸಾಹೇಬ್ರೇ. ಆದ್ರೆ ಶುರುವಾಗೋ ಮುಂಚೆ ಬಚ್ಚಲಿಗೆ ಹೋಗಿ, ನಾನೇ ಮೆರುಗು ಹಾಕಿದ ಅವರ ಕೋಲು ತಿರುಗಿಸಿಟ್ಟು ಬಂದೆ. ಉರುಷಿ ಒಣಗಕ್ಕೆ ತೇವ ಬೇಕು, ಅದಕ್ಕೇ ಬಚ್ಚಲ ಬೀರು. ಹಿಡಿ ಇನ್ನೂ ಹಸಿಯಿತ್ತು. ಬೆರಳಿಗೆ ಹತ್ತಿರಬೇಕು. ಅಲ್ಲಿ ಯಾರೂ ಹಿಡೀಬೇಡಿ ಅಂತ ಗುರುಗಳಿಗೆ ಮೂರ್ ಮೂರ್ ಸಲ ಹೇಳಿದ್ದೆ."

"ಅದೇ ಕೋಲು ಈಗ ಇಲ್ಲ."

"ಇಲ್ವಾ?" ಅವನ ಗಾಬರಿ ನಟನೆಯಂತೆ ಕಾಣಲಿಲ್ಲ.

ಮುರೊತಾನಿ ದೀರ್ಘವಾಗಿ ಉಸಿರುಬಿಟ್ಟ. ಗುರುಗಳು ಅರ್ಧಕ್ಕೇ ಹಿತ್ತಿಲಿಗೆ ಹೋಗಿದ್ದರು. ಆಗ ಕಿನು ಮುಂಬಾಗಿಲಲ್ಲಿ, ಬೀದಿಯ ಕಣ್ಣೆದುರು, ತೋಫುವಿನವನ ಜನ್ಮ ಜಾಲಾಡುತ್ತಿದ್ದಳು. ಅವಳಲ್ಲ.

"ಠಾಣೆಗೆ ಬಂದು ಇದನ್ನೇ ಹೇಳ್ತೀಯಾ?"

"ಬರ್ತೀನಿ. ಬರಬೇಕಿತ್ತು, ಮೊದಲೇ." ಒಗುಶಿ ಎದ್ದವನು ಮತ್ತೆ ಕೂತ. "ಆದ್ರೆ ಇನ್ನೊಂದಿದೆ ಸಾಹೇಬ್ರೇ. ಹೇಳಲೋ ಬೇಡವೋ ಅಂತ ಇಷ್ಟು ದಿನ ನಿದ್ದೆಯಿಲ್ಲ."

"ಹೇಳು ಮಾರಾಯ, ರೈಲಿನ ಹೊತ್ತಾಯ್ತು."

"ಕೊನೇ ಮೆತ್ತೆ ಹತ್ರ ಹೋದೆ. ಕತ್ತಲಲ್ಲಿ ಕೈ ಚಾಚಿದೆ. ತಲೆ ಸಿಗಲಿಲ್ಲ. ಕೆಳಗೆ ತಡಕಿದೆ. ಮೆತ್ತೆ ಬೆಚ್ಚಗಿತ್ತು. ಯಾರೂ ಇರಲಿಲ್ಲ."

ಹೊರಗೆ ದೋಣಿಯೊಂದು ಕಟ್ಟೆಗೆ ತಾಗಿ ದಡ್ ಎಂದಿತು.

"ಸುಳ್ಳು" ಎಂದ ಮುರೊತಾನಿ. "ಅಲ್ಲಿ ಕೂತಿದ್ದವಳ ಕೈಗೂ ಬೊಕ್ಕೆ ಬಂದಿದೆ. ಬೆಳಗ್ಗೆ ನನ್ನ ಕಣ್ಣಾರೆ ನೋಡಿದೀನಿ. ನೀನು ಮುಟ್ಟದೆ ಹೇಗೆ ಬಂತು?"

"ಎಲ್ಲಿ ಬಂದಿದೆ?"

"ಕೈಗೆ ಅಂದ್ನಲ್ಲ!"

ಒಗುಶಿ ಒಂದು ಒಗೆದ ಬಟ್ಟೆಯನ್ನು ತನ್ನ ಎರಡೂ ಕೈಗೆ ಸುತ್ತಿಕೊಂಡ. "ಕೈ ಜೋಡಿಸಿ ಸಾಹೇಬ್ರೇ. ಅವರೆಲ್ಲ ಕೂತಿದ್ರಲ್ಲ, ಹಾಗೆ."

ಮುರೊತಾನಿ ಗೊಣಗುತ್ತಾ ಕೈ ಜೋಡಿಸಿದ. ಒಗುಶಿ ಆ ಜೋಡಿಸಿದ ಕೈಗಳನ್ನು ಹೊರಗಿನಿಂದ ತನ್ನ ಕೈಗಳ ನಡುವೆ ಮೆಲ್ಲನೆ ಹಿಡಿದುಕೊಂಡ, ಹಕ್ಕಿಮರಿಯನ್ನು ಹಿಡಿದ ಹಾಗೆ.

"ಇಷ್ಟೇ ನಾನು ಮುಟ್ಟಿದ್ದು. ಕೈಯ ಹಿಂಬದಿ ಮಾತ್ರ. ಒಳಗಡೆಗೆ ನನ್ನ ಬೆರಳು ಹೋಗೋದೇ ಇಲ್ಲ."

ಅವನು ಕೈ ಬಿಟ್ಟ. ಮುರೊತಾನಿಯ ಕೈ ಹಾಗೇ ಜೋಡಿಸಿಕೊಂಡೇ ಇತ್ತು. ನಿಧಾನವಾಗಿ ಬಿಡಿಸಿ ತನ್ನ ಅಂಗೈ ನೋಡಿಕೊಂಡ. ಅನ್ನದ ಉಂಡೆ ಕಟ್ಟಲು ಬೇಕಾಗುವ ಜಾಗ. ಕೋಲಿನ ಹಿಡಿಯನ್ನು ಬಿಗಿಯಾಗಿ ಹಿಡಿಯುವಾಗ ಒತ್ತುವ ಜಾಗ.

"ಯಾರ ಮೆತ್ತೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ" ಎಂದ ಒಗುಶಿ, ಬೇರೆ ಕಡೆ ನೋಡುತ್ತಾ.

*

ಒಗುಶಿಯನ್ನು ಠಾಣೆಗೆ ಕಳಿಸಿ, ತಾನು ಹಿಂದೆಯೇ ಬರುವೆನೆಂದು ಹೇಳಿ, ಮುರೊತಾನಿ ಮನೆಯ ಕಡೆ ನಡೆದ. ನಡೆಯುತ್ತಾ ನಡೆಯುತ್ತಾ ನೂರು ಕಾರಣ ಹುಡುಕಿದ. ಬಿಸಿ ಪಾತ್ರೆ ಹಿಡಿದಿರಬಹುದು. ಸೋಪಿನ ಉರಿ ಇರಬಹುದು. ಯಾರದೋ ಕೈ ಹಿಡಿದು ಸಮಾಧಾನ ಹೇಳಿರಬಹುದು. ಪ್ರತಿಯೊಂದು ಕಾರಣವೂ ಎರಡು ಹೆಜ್ಜೆಗೇ ಮುರಿದುಬೀಳುತ್ತಿತ್ತು. ಹೋದ ತಿಂಗಳು ಒಂದು ಸಂಜೆ ಮಿನೆ ಅಳುತ್ತಾ ಬಂದಿದ್ದಳು. ಮಗುವಿಗಾಗಿ ಕೇಳಿಕೊಂಡರೆ ಗುರುಗಳು ತನ್ನ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು, ಏನೂ ಹೇಳದೆ ಎತ್ತಿಬಿಟ್ಟರು ಎಂದಿದ್ದಳು. ಏನಂತೆ ಎಂದು ಅವನು ಕೇಳಲಿಲ್ಲ. ಕೇಸಿನ ಕಾಗದ ಓದುತ್ತಾ ಕೂತಿದ್ದ.

ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಮಿನೆ ಗೋಡೆಗೆ ಮುಖಮಾಡಿ ಮಂಡಿಯೂರಿ ಕೂತಿದ್ದಳು. ಸಂಜೆಯ ಸಾಲುಗಳನ್ನು ಹೇಳಿಕೊಳ್ಳುತ್ತಿದ್ದಳು. ಈ ಒಂದು ದಿನ ಸಿಟ್ಟಾಗುವುದಿಲ್ಲ. ಈ ಒಂದು ದಿನ ಚಿಂತಿಸುವುದಿಲ್ಲ.

ಅವನು ಮುಗಿಯುವವರೆಗೂ ಕಾದ. ಪೊಲೀಸನಾಗಿ ಕಾದನೋ ಗಂಡನಾಗಿ ಕಾದನೋ ಅವನಿಗೇ ಗೊತ್ತಿರಲಿಲ್ಲ.

"ಮಿನೆ, ಕೈ ತೋರಿಸು."

"ಬೆಳಗ್ಗೆ ತೋರಿಸಿದ್ನಲ್ಲ."

"ಕೈಯ ಹಿಂಬದಿ ತೋರಿಸು."

ಅವಳು ತಿರುಗಲಿಲ್ಲ. ಜೋಡಿಸಿದ ಕೈಗಳನ್ನು ಮೆಲ್ಲನೆ ಬಿಡಿಸಿ, ಅಂಗೈ ಗೋಡೆಯ ಕಡೆ ಮಾಡಿ, ಹೆಗಲ ಮೇಲಕ್ಕೆ ಎತ್ತಿ ತೋರಿಸಿದಳು. ಕಿಟಕಿಯ ಮಬ್ಬು ಬೆಳಕಿಗೆ ಕೈಯ ಹಿಂಬದಿ ಬೆಳ್ಳಗೆ, ನುಣ್ಣಗೆ ಕಂಡಿತು. ಒಂದು ಚುಕ್ಕೆಯೂ ಇರಲಿಲ್ಲ.

ದೂರದಲ್ಲಿ ರೈಲು ಕೂಗಿತು. ಮುರೊತಾನಿ ಹೊಸ್ತಿಲಲ್ಲೇ ನಿಂತ.

ಮಿನೆಯೇ ಮಾತಾಡಿದಳು. ಅವಳ ದನಿಯಲ್ಲಿ ಭಯವಿರಲಿಲ್ಲ. ಎಷ್ಟೋ ವರ್ಷಗಳ ಬೇಸರ ಮಾತ್ರ ಇತ್ತು.

"ಕೋಲು ಕೇಳಕ್ಕೆ ಇಷ್ಟು ದಿನ ಬೇಕಾಯ್ತೇನ್ರೀ ನಿಮಗೆ?"